ಸೀನಿದರೆ ಹನಿ ಸೋರುವ ತೊಂದರೆ: ವಿಡಿಯೋ ಕಾಲ್‌ನಲ್ಲಿ ವ್ಯಾಯಾಮ ಕಲಿತ ಅನುಭವ

ನಿಟುವಳ್ಳಿ ಟೀಚರ್ · ಭಾನುವಾರ ರಾತ್ರಿ 9:40

ಇದನ್ನು ಬರೆಯೋದೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ಇಲ್ಲಿ ಯಾರಿಗೂ ನನ್ನ ಮುಖ ಗೊತ್ತಿಲ್ಲ, ಅದೇ ಧೈರ್ಯ.

ನನಗೆ 47 ವರ್ಷ. ಎರಡು ನಾರ್ಮಲ್ ಹೆರಿಗೆ. ಜಗಳೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ದಿನಾ ದಾವಣಗೆರೆಯಿಂದ ಬಸ್ಸು. ನಾಲ್ಕು ವರ್ಷದಿಂದ ಸೀನಿದರೆ, ಕೆಮ್ಮಿದರೆ, ಜೋರಾಗಿ ನಕ್ಕರೆ ಮೂತ್ರದ ಹನಿ ಸೋರುತ್ತಿತ್ತು. ಬೋರ್ಡು ಒರೆಸುವಾಗ ಸೀಮೆಸುಣ್ಣದ ಪುಡಿ ಮೂಗಿಗೆ ಹೋದರೆ ಸಾಕು, ಸೀನು. ಸೀನು ಬರುತ್ತೆ ಅನ್ನಿಸಿದ ಕೂಡಲೇ ಕಾಲು ಕತ್ತರಿ ಹಾಕಿ ನಿಲ್ಲುತ್ತಿದ್ದೆ. ತಿಳಿ ಬಣ್ಣದ ಸೀರೆ ಉಡುವುದನ್ನೇ ಬಿಟ್ಟೆ. ಬೆಳಿಗ್ಗೆ ಏಳರಿಂದ ಸಂಜೆ ಮನೆ ಸೇರುವ ತನಕ ನೀರು ಮುಟ್ಟುತ್ತಿರಲಿಲ್ಲ. ಅದು ಇನ್ನೊಂದು ತಪ್ಪು, ಆಮೇಲೆ ಹೇಳುತ್ತೇನೆ.

ಊರಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿದೆ. ಮೂತ್ರ ಪರೀಕ್ಷೆ ಮಾಡಿಸಿದರು, ಸೋಂಕು ಇರಲಿಲ್ಲ, ಸಕ್ಕರೆಯೂ ಇರಲಿಲ್ಲ. "ಈ ವಯಸ್ಸಿಗೆ ಇದೆಲ್ಲ ಇರೋದೇ ಅಲ್ವಾ, ಪ್ಯಾಡ್ ಇಟ್ಕೊಳ್ಳಿ" ಅಂದರು. ನಾನು ಸುಮ್ನೆ ತಲೆ ಆಡಿಸಿ ಬಂದೆ. ಆಮೇಲೆ ಆರು ತಿಂಗಳು ಯೂಟ್ಯೂಬ್ ನೋಡಿಕೊಂಡು ಕೆಗೆಲ್ ವ್ಯಾಯಾಮ ಮಾಡಿದೆ, ಅಂದರೆ ಮೂತ್ರ ತಡೆಯುವ ಕೆಳಗಿನ ಸ್ನಾಯುವನ್ನು ಬಿಗಿ ಹಿಡಿದು ಬಿಡುವುದು. ಕೂದಲೆಳೆಯಷ್ಟೂ ಫರಕು ಆಗಲಿಲ್ಲ. ಜಾಸ್ತಿಯೇ ಆಯಿತೇನೋ ಅನ್ನಿಸುತ್ತಿತ್ತು.

ಕೊನೆಗೆ ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗಳು ಒಬ್ಬ ಫಿಸಿಯೋ ನಂಬರ್ ಕೊಟ್ಟಳು. ಹೆಂಗಸರ ಇಂಥ ತೊಂದರೆಗಳನ್ನೇ ನೋಡುವವರು. ಅವರ ಹತ್ತಿರ ಹೋಗಿ ಬರಲು 260 ಕಿಲೋಮೀಟರ್ ಆ ಕಡೆ, ಅಷ್ಟೇ ಈ ಕಡೆ. ಬಸ್ಸಲ್ಲಿ ಸೋರುತ್ತೆ ಅಂತ ತೋರಿಸೋಕೆ ಬಸ್ಸಲ್ಲೇ ಅಷ್ಟು ದೂರ ಹೋಗಬೇಕಾ? ಅವರೇ "ವಿಡಿಯೋ ಕಾಲ್‌ನಲ್ಲಿ ಮಾಡೋಣ" ಅಂದರು.

ಮೊದಲ ದಿನ ಶನಿವಾರ ಮಧ್ಯಾಹ್ನ. ನಮ್ಮೆಜಮಾನರನ್ನು ಗಿರಣಿಗೆ ಕಳಿಸಿದೆ. ಅತ್ತೆಗೆ "ಟ್ರೈನಿಂಗ್ ಇದೆ" ಅಂದೆ, ಅದು ಸುಳ್ಳೇನಲ್ಲ. ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಇಟ್ಟೆ. ಚೂಡಿದಾರ್ ಹಾಕಿಕೊಂಡು ಚಾಪೆ ಮೇಲೆ ಮಂಡಿ ಮಡಚಿ ಮಲಗಿದೆ. ಅವರು ಹೇಳಿದರು, "ಮೇಡಂ, ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ, ನಾನು ನೋಡ್ತೀನಿ". ನಾನು ಮೂಗು ಮುಚ್ಚಿದವಳ ಹಾಗೆ ಉಸಿರು ಕಟ್ಟಿ ಬಿಗಿ ಹಿಡಿದೆ. ಐದೇ ಸೆಕೆಂಡು. "ನಿಲ್ಲಿಸಿ. ಹೊಟ್ಟೆ ಮೇಲೆ ಕೈ ಇಟ್ಟು ಇನ್ನೊಂದು ಸಲ ಮಾಡಿ". ಇಟ್ಟೆ. ಹೊಟ್ಟೆ ಉಬ್ಬಿ ಕೈಯನ್ನು ಮೇಲಕ್ಕೆ ತಳ್ಳಿತು.

"ಮೇಡಂ, ನೀವು ಮೇಲಕ್ಕೆ ಎಳೀತಿಲ್ಲ. ಕೆಳಕ್ಕೆ ಮುಕ್ಕುತ್ತಿದ್ದೀರಿ."

ಆರು ತಿಂಗಳು! ಮಲಬದ್ಧತೆ ಇದ್ದಾಗ ಮುಕ್ಕುತ್ತೇವಲ್ಲ, ಅದನ್ನೇ ದಿನಕ್ಕೆ ನೂರು ಸಲ ಮಾಡುತ್ತಿದ್ದೆ. ಸೋರುವ ಕೊಡಕ್ಕೆ ಇನ್ನೊಂದು ತೂತು ಕೊರೆದ ಹಾಗೆ.

ಇವತ್ತಿಗೆ 14 ವಾರ. ಪ್ಯಾಡ್ ಇಲ್ಲದೆ ಶಾಲೆಗೆ ಹೋಗುತ್ತಿದ್ದೇನೆ. ಪೂರ್ತಿ ಹೋಗಿಲ್ಲ, ಅದನ್ನೂ ಹೇಳುತ್ತೇನೆ. ಕೇಳುವುದಿದ್ದರೆ ಕೇಳಿ, ನಾಚಿಕೆ ಬೇಡ.

ಮಿರ್ಚಿ ಮಂಡಕ್ಕಿ · ಭಾನುವಾರ ರಾತ್ರಿ 10:05

ಕ್ಯಾಮೆರಾ ಮುಂದೆ ಏನೇನು ತೋರಿಸಬೇಕು ಸ್ವಾಮಿ ಇದಕ್ಕೆಲ್ಲ? ಯೂಟ್ಯೂಬಲ್ಲಿ ಫ್ರೀ ಸಿಗೋದಕ್ಕೆ ದುಡ್ಡು ಬೇರೆ. ಬಿಗಿ ಹಿಡಿ, ಬಿಡು, ಮುಗೀತು.

ವೇದಿಕೆ ನಿರ್ವಾಹಕಿ · ಭಾನುವಾರ ರಾತ್ರಿ 10:12

ಮಿರ್ಚಿಯವರೇ, ಖಾರ ಸ್ವಲ್ಪ ಕಡಿಮೆ ಇರಲಿ. ಈ ಚರ್ಚೆಯಲ್ಲಿ ತಮಾಷೆ ಬರಹಗಳನ್ನು ತೆಗೆದುಹಾಕುತ್ತೇನೆ.

ನಿಟುವಳ್ಳಿ ಟೀಚರ್ · ಭಾನುವಾರ ರಾತ್ರಿ 10:31

ಇದನ್ನು ತೆಗೆಯಬೇಡಿ ಮೇಡಂ. ಕೇಳಿದ ರೀತಿ ಒರಟು, ಆದರೆ ಅದೇ ಭಯಕ್ಕೆ ನಾನು ಒಂದು ತಿಂಗಳು ಮುಂದೂಡಿದ್ದೆ.

ಕ್ಯಾಮೆರಾ ಮುಂದೆ ಒಂದು ಗುಂಡಿಯನ್ನೂ ಬಿಚ್ಚುವುದಿಲ್ಲ. ಅವರಿಗೆ ಬೇಕಾಗಿರುವುದು ನನ್ನ ಹೊಟ್ಟೆ, ಎದೆ, ತೊಡೆ, ಮುಖ. ಉಸಿರು ಕಟ್ಟುತ್ತಿದ್ದೇನಾ, ಪೃಷ್ಠ ಬಿಗಿ ಮಾಡುತ್ತಿದ್ದೇನಾ, ಮಂಡಿ ಒತ್ತುತ್ತಿದ್ದೇನಾ, ಹೊಟ್ಟೆ ಹೊರಗೆ ಉಬ್ಬುತ್ತಿದೆಯಾ ಅಂತ ಬಟ್ಟೆ ಮೇಲಿಂದಲೇ ಗೊತ್ತಾಗುತ್ತದೆ. ಒಳಗಿನದನ್ನು ನಾನೇ ನೋಡಿಕೊಂಡು ಬಾಯಲ್ಲಿ ಹೇಳಬೇಕು. ಒಂದು ಕೈ ಟವಲನ್ನು ಗಟ್ಟಿಯಾಗಿ ಸುತ್ತಿ, ಕುರ್ಚಿ ಮೇಲೆ ಉದ್ದಕ್ಕೆ ಇಟ್ಟು, ಸೈಕಲ್ ಸೀಟಿನ ಮೇಲೆ ಕೂತ ಹಾಗೆ ಕೂರಿಸಿದರು. "ಈಗ ಗಾಳಿ ಬಿಡದಂತೆ ತಡೆಯಿರಿ, ಹಾಗೇ ಅದನ್ನು ಮುಂದಕ್ಕೆ, ಮೇಲಕ್ಕೆ ಎಳೆಯಿರಿ. ಟವಲ್‌ನಿಂದ ಸ್ವಲ್ಪ ಮೇಲೆದ್ದ ಹಾಗೆ ಆಯ್ತಾ, ಅದಕ್ಕೆ ಇನ್ನೂ ಒತ್ತಿಕೊಂಡ ಹಾಗೆ ಆಯ್ತಾ?" ಮೊದಲ ನಾಲ್ಕು ಸಲ ಒತ್ತಿಕೊಂಡೆ. ಐದನೇ ಸಲ ಎದ್ದಿತು. ಅಷ್ಟು ಸಣ್ಣ ಅಲುಗಾಟ, ಕಣ್ಣು ರೆಪ್ಪೆ ಬಡಿದಷ್ಟು. ಅದನ್ನು ಯಾವ ಯೂಟ್ಯೂಬು ಹೇಳಿಕೊಡುತ್ತದೆ ಹೇಳಿ? ಅದು ನನ್ನನ್ನು ನೋಡುವುದಿಲ್ಲವಲ್ಲ.

ಬಟ್ಟೆ ತೆಗೆದು ತೋರಿಸಿ ಅಂತ ಯಾರಾದರೂ ಹೇಳಿದರೆ ಕಾಲ್ ಕಟ್ ಮಾಡಿ ನಂಬರ್ ಬ್ಲಾಕ್ ಮಾಡಿ. ಒಳಗೆ ಪರೀಕ್ಷೆ ಬೇಕಿದ್ದರೆ ಎದುರಿಗೇ ಹೋಗಬೇಕು, ಫೋನಲ್ಲಿ ಅಲ್ಲ.

ಮಿರ್ಚಿ ಮಂಡಕ್ಕಿ · ಭಾನುವಾರ ರಾತ್ರಿ 10:50

ಕ್ಷಮಿಸಿ ಟೀಚರ್. ನಮ್ಮಮ್ಮ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ಚೀಲ ಎತ್ತಿದವರು. ಅವರಿಗೂ ಇದೇ ಇರಬೇಕು. ಸೀರೆ ಯಾಕೆ ಅಷ್ಟು ಸಲ ಬದಲಾಯಿಸ್ತೀಯಾ ಅಂತ ರೇಗಿದ್ದೇನೆ.

ಹರಿಹರದ ಹುಡುಗಿ · ಸೋಮವಾರ ಬೆಳಿಗ್ಗೆ 6:55

ನಾನು ಫಿಸಿಯೋ. ಊರು ಹರಿಹರ, ಈಗ ಕೆಲಸ ಬೇರೆ ಊರಲ್ಲಿ. ಟೀಚರ್ ಅಕ್ಕ, ನಿಮ್ಮ "ಕೆಳಕ್ಕೆ ಮುಕ್ಕುವ" ಕಥೆ ನಿಮ್ಮೊಬ್ಬರದಲ್ಲ. 1991ರಲ್ಲಿ ಅಮೆರಿಕದಲ್ಲಿ 47 ಹೆಂಗಸರಿಗೆ ಬರೀ ಬಾಯಲ್ಲಿ ಹೇಳಿಕೊಟ್ಟು ಪರೀಕ್ಷೆ ಮಾಡಿದರು. ಸರಿಯಾಗಿ ಮಾಡಿದ್ದು ಸುಮಾರು ಅರ್ಧದಷ್ಟು ಜನ. ನಾಲ್ವರಲ್ಲಿ ಒಬ್ಬರು ಸೋರುವುದನ್ನು ಜಾಸ್ತಿ ಮಾಡುವ ಹಾಗೇ ಮಾಡುತ್ತಿದ್ದರು. ಅದಕ್ಕೇ ಒಬ್ಬರು ನೋಡಿ ತಿದ್ದುವುದು ಮುಖ್ಯ.

ಈ ಸ್ನಾಯು ಎಲ್ಲಿದೆ ಅಂದರೆ, ಮುಂದಿನ ಮೂಳೆಯಿಂದ ಹಿಂದೆ ಬಾಲದ ಮೂಳೆಯ ತನಕ ಜೋಲಿ ಕಟ್ಟಿದ ಹಾಗೆ ಇದೆ. ಮೂತ್ರಚೀಲ, ಗರ್ಭಕೋಶ, ಕರುಳಿನ ತುದಿ ಮೂರೂ ಅದರ ಮೇಲೆ ಕೂತಿವೆ. ಕೆಮ್ಮಿದಾಗ ಹೊಟ್ಟೆಯ ಒತ್ತಡ ಮೇಲಿಂದ ಬೀಳುತ್ತದೆ. ಹೊಲದ ಪೈಪನ್ನು ಬಂಡೆ ಮೇಲಿಟ್ಟು ತುಳಿದರೆ ನೀರು ನಿಲ್ಲುತ್ತದೆ ಅಲ್ವಾ? ಕೆಸರಲ್ಲಿ ತುಳಿದರೆ ಪೈಪು ಹೂತುಹೋಗುತ್ತದೆ, ನೀರು ಹರೀತಾನೇ ಇರುತ್ತದೆ. ಜೋಲಿ ಸಡಿಲವಾದರೆ ಅದೇ ಕೆಸರು. ಹೆರಿಗೆ, ಮುಟ್ಟು ನಿಲ್ಲುವ ಕಾಲ, ಹಳೇ ಕೆಮ್ಮು, ಮಲಬದ್ಧತೆ, ಭಾರ ಎತ್ತುವುದು, ಮೈತೂಕ ಇವೆಲ್ಲ ಅದನ್ನು ಸಡಿಲ ಮಾಡುತ್ತವೆ.

ಅರ್ನಾಲ್ಡ್ ಕೆಗೆಲ್ ಅನ್ನುವ ಅಮೆರಿಕದ ಡಾಕ್ಟರು ಈ ವ್ಯಾಯಾಮದ ಬಗ್ಗೆ ಬರೆದದ್ದು 1948ರಲ್ಲಿ. ಅವರು ಕೂಡ ಬರೀ ಹೇಳಿ ಕಳಿಸುತ್ತಿರಲಿಲ್ಲ, ಎಷ್ಟು ಬಿಗಿ ಬರುತ್ತಿದೆ ಅಂತ ಅಳೆಯುವ ಒಂದು ಸಾಧನ ಮಾಡಿಕೊಂಡಿದ್ದರು. ಹೆಸರು ಉಳಿಯಿತು, ಅಳೆದು ನೋಡುವ ಅಭ್ಯಾಸ ಹೋಯಿತು.

ದುರ್ಗದ ಸೊಸೆ · ಸೋಮವಾರ ಬೆಳಿಗ್ಗೆ 11:20

ಅಕ್ಕ, ನಮ್ಮ ಅತ್ತೆಗೆ 68. ಹೊಸದುರ್ಗದ ಹತ್ತಿರ ಹಳ್ಳಿ. ಅವರಿಗೆ ಸೀನಿದರೆ ಏನೂ ಆಗಲ್ಲ. ಆದರೆ ಒಂದಕ್ಕೆ ಬಂತು ಅಂದರೆ ತಡೆಯೋಕೇ ಆಗಲ್ಲ. ಹೊಲದಿಂದ ಬಂದು ಬಾಗಿಲ ಬೀಗ ತೆಗೆಯುವಷ್ಟರಲ್ಲಿ ಆಗಿಬಿಡುತ್ತೆ. ರಾತ್ರಿ ನಾಲ್ಕು ಸಲ ಏಳುತ್ತಾರೆ. ಮದುವೆ ಮನೆಗೆ ಕರೆದರೆ "ಮಂಡಿ ನೋವು" ಅಂತ ನೆಪ. ಮಂಡಿ ಚೆನ್ನಾಗೇ ಇದೆ. ಇದಕ್ಕೂ ವಿಡಿಯೋ ವ್ಯಾಯಾಮ ನಡೆಯುತ್ತಾ?

ಹರಿಹರದ ಹುಡುಗಿ · ಸೋಮವಾರ ಮಧ್ಯಾಹ್ನ 1:45

ನಡೆಯುತ್ತೆ, ಆದರೆ ದಾರಿ ಸ್ವಲ್ಪ ಬೇರೆ. ಟೀಚರ್ ಅಕ್ಕನದು ಒತ್ತಡಕ್ಕೆ ಸೋರುವುದು. ನಿಮ್ಮ ಅತ್ತೆಯದು ಅವಸರಕ್ಕೆ ಸೋರುವುದು, ಮೂತ್ರಚೀಲ ತುಂಬುವ ಮೊದಲೇ ಹಿಂಡಿಕೊಳ್ಳುತ್ತದೆ. ಬಾಗಿಲ ಬೀಗ, ನಲ್ಲಿ ನೀರಿನ ಸದ್ದು, ಇವು ಅದಕ್ಕೆ ಕರೆಗಂಟೆ ಇದ್ದ ಹಾಗೆ. ತುಂಬ ಜನಕ್ಕೆ ಎರಡೂ ಸೇರಿಕೊಂಡಿರುತ್ತದೆ.

ಮೊದಲು ಡಾಕ್ಟರಿಗೆ ತೋರಿಸಿ ಮೂತ್ರ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ. ರಾತ್ರಿ ನಾಲ್ಕು ಸಲ ಅಂದರೆ ಸಕ್ಕರೆ ಇದೆಯಾ, ಬಿಪಿ ಮಾತ್ರೆ ಯಾವ ಹೊತ್ತಿಗೆ ತೆಗೆದುಕೊಳ್ಳುತ್ತಾರೆ, ಕಾಲು ಊದುತ್ತಾ, ಇವನ್ನೆಲ್ಲ ನೋಡಬೇಕು. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಆಮೇಲೆ ಮೂರು ದಿನ ಲೆಕ್ಕ ಬರೆಯಿರಿ. ಎಷ್ಟು ಹೊತ್ತಿಗೆ ಏನು ಕುಡಿದರು, ಎಷ್ಟು ಹೊತ್ತಿಗೆ ಹೋದರು, ಎಷ್ಟು ಹೋಯಿತು, ಎಲ್ಲಿ ಸೋರಿತು. ಅಳತೆಗೆ ಹಳೇ ಪ್ಲಾಸ್ಟಿಕ್ ಲೋಟ ಸಾಕು. ಈ ಹಾಳೆ ಕೈಯಲ್ಲಿದ್ದರೆ ವಿಡಿಯೋದಲ್ಲಿ ಮೊದಲ ಅರ್ಧ ಗಂಟೆ ಉಳಿಯುತ್ತದೆ. ನಾನು ನೋಡಿದ ಎಷ್ಟೋ ಹಾಳೆಗಳಲ್ಲಿ ಕಳ್ಳ ಸಿಗುವುದು ಚಹಾ ಕಾಲಂನಲ್ಲಿ.

ಅವಸರ ಬಂದಾಗ ಓಡಬಾರದು. ಓಡಿದರೆ ಸೋತ ಹಾಗೆ. ನಿಂತಲ್ಲೇ ನಿಂತು ಅಥವಾ ಕೂತು ಕೆಳಗಿನ ಸ್ನಾಯುವನ್ನು ಪಟಪಟ ಐದಾರು ಸಲ ಬಿಗಿ ಹಿಡಿದು ಬಿಡಬೇಕು. ಆ ಸಂಕೇತಕ್ಕೆ ಮೂತ್ರಚೀಲ ಸ್ವಲ್ಪ ಸಡಿಲಾಗುತ್ತದೆ. ಅವಸರ ಇಳಿದ ಮೇಲೆ ನಡೆದುಕೊಂಡು ಹೋಗಬೇಕು. ಈಗ ಗಂಟೆಗೊಮ್ಮೆ ಹೋಗುತ್ತಿದ್ದರೆ ಒಂದು ಕಾಲು ಗಂಟೆ ತಡ ಮಾಡುವುದು, ಅದು ಒಗ್ಗಿದ ಮೇಲೆ ಇನ್ನೊಂದು ಕಾಲು ಗಂಟೆ. ಇದಕ್ಕೆ ಕಡಿಮೆ ಅಂದರೂ ಆರು ವಾರ ಬೇಕು.

ಕಂಡಕ್ಟರ್ ಅಕ್ಕ · ಸೋಮವಾರ ರಾತ್ರಿ 9:15

ನಾನೂ ನಿರ್ವಾಹಕಿಯೇ, ಆದರೆ ಈ ವೇದಿಕೆಯದಲ್ಲ, ಬಸ್ಸಿನದು.

ದಾವಣಗೆರೆ, ಚಿತ್ರದುರ್ಗ, ಚಳ್ಳಕೆರೆ ಕಡೆ ಡ್ಯೂಟಿ. ನಮ್ಮ ಕಷ್ಟ ಬೇರೆ. ಬಸ್‌ಸ್ಟ್ಯಾಂಡ್ ಬರುವ ತನಕ ತಡಕೊಳ್ಳಲೇಬೇಕು. ಅದಕ್ಕೆ ನಾನು ಬಸ್‌ಸ್ಟ್ಯಾಂಡ್ ಸಿಕ್ಕಿದ ಕಡೆಯೆಲ್ಲ ಇರಲಿ ಅಂತ ಒಂದು ಸಲ ಹೋಗಿಬರುತ್ತೇನೆ, ಬಂದಿರಲಿ ಬಿಡಲಿ. ನೀರಂತೂ ಕುಡಿಯಲ್ಲ. ಎರಡು ಸಲ ಉರಿಮೂತ್ರ ಆಗಿ ಇಂಜೆಕ್ಷನ್ ತಗೊಂಡಿದ್ದೇನೆ. ಈಗ ಹಂಪ್ ಮೇಲೆ ಬಸ್ಸು ಹಾರಿದರೆ ಸೋರುತ್ತೆ. ಬಸ್ಸಲ್ಲಿ ನಿಂತೇ ಈ ವ್ಯಾಯಾಮ ಮಾಡಬಹುದಾ? ಮಲಗಿ ಮಾಡೋಕೆ ನನಗೆ ಟೈಮ್ ಎಲ್ಲಿದೆ.

ನಿಟುವಳ್ಳಿ ಟೀಚರ್ · ಸೋಮವಾರ ರಾತ್ರಿ 10:02

ಅಕ್ಕ, ನಾನು ದಿನಾ ನಿಮ್ಮಂಥವರ ಬಸ್ಸಲ್ಲೇ ಹೋಗುವುದು! ಹಂಪ್ ಬಂದರೆ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚುತ್ತಿದ್ದೆ.

ನೀರಿನ ವಿಷಯ ಹೇಳಿಬಿಡುತ್ತೇನೆ. ನನ್ನ ಮೂರು ದಿನದ ಲೆಕ್ಕ ನೋಡಿ ಫಿಸಿಯೋ ಬೈದರು. ಬೆಳಿಗ್ಗೆ ಎರಡು ಲೋಟ ಕಾಫಿ, ಸ್ಟಾಫ್ ರೂಮಲ್ಲಿ ಎರಡು ಸಲ ಚಹಾ, ನೀರು ಒಂದೇ ಲೋಟ. ನೀರು ಕಡಿಮೆಯಾದರೆ ಮೂತ್ರ ಮಂದವಾಗಿ ಚೀಲವನ್ನು ಕೆರಳಿಸುತ್ತದಂತೆ, ಮಲಬದ್ಧತೆಯೂ ಆಗುತ್ತದೆ, ಮುಕ್ಕುವುದು ಶುರು, ಜೋಲಿ ಇನ್ನೂ ಸಡಿಲ. ಈಗ ದಿನಕ್ಕೆ ಒಂದೂವರೆ ಲೀಟರ್, ಸ್ವಲ್ಪ ಸ್ವಲ್ಪವಾಗಿ. ಚಹಾ ಒಂದೇ ಸಲ. ವಿಚಿತ್ರ ಅಂದರೆ ನೀರು ಜಾಸ್ತಿ ಕುಡಿದ ಮೇಲೆ ಸೋರುವುದು ಕಡಿಮೆ ಆಯಿತು. "ಇರಲಿ ಅಂತ ಒಂದು ಸಲ" ಹೋಗುವುದನ್ನೂ ಬಿಡಿಸಿದರು. ಅರೆ ತುಂಬಿದಾಗಲೇ ಖಾಲಿ ಮಾಡಿ ಮಾಡಿ ಚೀಲಕ್ಕೆ ಅಷ್ಟೇ ಅಭ್ಯಾಸ ಆಗಿಬಿಡುತ್ತದಂತೆ.

ನಿಂತು ಮಾಡಬಹುದಾ ಅಂದರೆ, ಮಾಡಬಹುದು, ಆದರೆ ಮೊದಲ ದಿನವೇ ಅಲ್ಲ. ನನಗೆ ಹೇಗೆ ಹೇಳಿಕೊಟ್ಟರು ಅಂತ ಬರೆಯುತ್ತೇನೆ, ನಿಮ್ಮದು ಬೇರೆ ಇರಬಹುದು. ಮೊದಲ ಎರಡು ವಾರ ಮಲಗಿಕೊಂಡೇ. ಮೂರು ಸೆಕೆಂಡು ಹಿಡಿ, ಪೂರ್ತಿ ಬಿಡು, ಐದು ಸೆಕೆಂಡು ಸುಮ್ಮನಿರು. ಎಂಟು ಸಲ. ಇದು ದಿನಕ್ಕೆ ಮೂರು ಹೊತ್ತು. ಹಿಡಿದಾಗ ಜೋರಾಗಿ ಎಣಿಸಬೇಕು, ಎಣಿಸಿದರೆ ಉಸಿರು ಕಟ್ಟೋಕೆ ಆಗಲ್ಲ. (ನಮ್ಮ ಅತ್ತೆ ಹೊರಗಿಂದ "ಏನೇ ಅದು, ಒಂದು ಎರಡು ಮೂರು ಅಂತ ಮಗ್ಗಿನಾ?" ಅಂತ ಕೇಳಿದರು.) ಬಿಡುವುದೂ ಹಿಡಿಯುವಷ್ಟೇ ಮುಖ್ಯ ಅಂತ ಅವರು ಹತ್ತು ಸಲ ಹೇಳಿದರು. ನಾನು ಅದನ್ನು ಪೂರ್ತಿ ಬಿಡುತ್ತಲೇ ಇರಲಿಲ್ಲ. ಆಮೇಲೆ ಕುರ್ಚಿ ಮೇಲೆ, ಎರಡು ತಿಂಗಳಾದ ಮೇಲೆ ನಿಂತು. ಈಗ ಹತ್ತು ಸೆಕೆಂಡು ಹಿಡಿಯುತ್ತೇನೆ, ಕೊನೆಗೆ ಹತ್ತು ಸಲ ಪಟಪಟ.

ಆದರೆ ನನ್ನ ಶಾಲೆ ಉಳಿಸಿದ್ದು ಇನ್ನೊಂದು. ಸೀನು ಬರುವ ಕ್ಷಣಕ್ಕೆ ಮೊದಲು ಬಿಗಿ ಹಿಡಿದು, ಸೀನಿ, ಆಮೇಲೆ ಬಿಡುವುದು. ಹಂಪ್‌ಗೂ ಅದೇ. ಕಾಲು ಕತ್ತರಿ ಹಾಕುವ ಬದಲು ಒಳಗೇ ಕತ್ತರಿ. ಕಂಡಕ್ಟರ್ ಅಕ್ಕ, ಹಂಪ್ ಎಲ್ಲಿದೆ ಅಂತ ನಿಮಗೆ ಕಣ್ಣು ಮುಚ್ಚಿದರೂ ಗೊತ್ತಲ್ಲ, ನಿಮಗೆ ಇದು ನನಗಿಂತ ಸುಲಭ.

ಕಂಡಕ್ಟರ್ ಅಕ್ಕ · ಸೋಮವಾರ ರಾತ್ರಿ 10:10

ದುರ್ಗದಿಂದ ಚಳ್ಳಕೆರೆವರೆಗೆ ಒಂದೊಂದೂ ಬಾಯಿಪಾಠ.

ಯೋಗಾಸಕ್ತ · ಮಂಗಳವಾರ ಬೆಳಿಗ್ಗೆ 6:10

ಇದೆಲ್ಲ ನಮ್ಮ ಯೋಗದ ಮೂಲಬಂಧ, ಅಶ್ವಿನಿ ಮುದ್ರೆ. ನೂರಾರು ವರ್ಷದಿಂದ ಇರುವುದಕ್ಕೆ ಅಮೆರಿಕದ ಹೆಸರು ಅಂಟಿಸಿ ಮಾರುತ್ತಿದ್ದಾರೆ. ಬೆಳಿಗ್ಗೆ ಕುಂದವಾಡ ಕೆರೆ ಹತ್ತಿರ ಬನ್ನಿ, ಫ್ರೀಯಾಗಿ ಹೇಳಿಕೊಡುತ್ತೇವೆ.

ಹರಿಹರದ ಹುಡುಗಿ · ಮಂಗಳವಾರ ಬೆಳಿಗ್ಗೆ 7:30

ಸರ್, ಸ್ನಾಯು ಅದೇ, ಒಪ್ಪುತ್ತೇನೆ. ಯೋಗ ಮಾಡಿದವರಿಗೆ ನಾನು ಹೇಳಿಕೊಡುವುದು ಬೇಗ ಅರ್ಥವಾಗುತ್ತದೆ. ಆದರೆ ಮೂಲಬಂಧವನ್ನು ಕುಂಭಕದ ಜೊತೆ, ಅಂದರೆ ಉಸಿರು ತಡೆದು ಮಾಡಿಸುವುದು ಸಾಮಾನ್ಯ. ಸೋರುವವರಿಗೆ ಉಸಿರು ತಡೆದರೆ ಹೊಟ್ಟೆ ಒತ್ತಡ ಏರುತ್ತದೆ, ಟೀಚರ್ ಅಕ್ಕನಿಗೆ ಆದದ್ದು ಅದೇ. ಇನ್ನೊಂದು, ಐವತ್ತು ಜನರ ಸಾಲಲ್ಲಿ ಯಾರು ಮೇಲಕ್ಕೆ ಎಳೆದರು, ಯಾರು ಕೆಳಕ್ಕೆ ತಳ್ಳಿದರು ಅಂತ ನೀವು ಹೇಗೆ ನೋಡುತ್ತೀರಿ?

ಯೋಗಾಸಕ್ತ · ಮಂಗಳವಾರ ಬೆಳಿಗ್ಗೆ 8:05

ನೋಡಲಾಗುವುದಿಲ್ಲ. ಆ ಮಾತು ಸರಿ. ಆದರೂ ಹೆಸರಿನ ವಿಷಯದಲ್ಲಿ ನನ್ನ ಮಾತು ಹಾಗೇ ಇರುತ್ತದೆ.

ಪುಟ್ಟಿಯ ಅಮ್ಮ · ಮಂಗಳವಾರ ಮಧ್ಯಾಹ್ನ 3:30

ನನಗೆ ಹೆರಿಗೆಯಾಗಿ ಎರಡೂವರೆ ತಿಂಗಳು. ತವರು ಹಿರಿಯೂರು, ಬಾಣಂತನ ಇಲ್ಲೇ. ಮಗು ಎತ್ತಿದರೆ ಸೋರುತ್ತೆ. ಅಮ್ಮ ಹೊಟ್ಟೆಗೆ ಸೀರೆ ಬಿಗಿಯಾಗಿ ಸುತ್ತುತ್ತಾರೆ, ನೀರು ಕುಡಿದರೆ ಹೊಟ್ಟೆ ಬರುತ್ತೆ ಅಂತ ಕುಡಿಯೋಕೆ ಬಿಡಲ್ಲ. ಎರಡಕ್ಕೆ ಹೋಗುವುದು ಮೂರು ದಿನಕ್ಕೊಮ್ಮೆ. ಮೂತ್ರ ಹೋಗುವಾಗ ಮಧ್ಯದಲ್ಲಿ ತಡೆದು ತಡೆದು ಬಿಡು, ಅದೇ ವ್ಯಾಯಾಮ ಅಂತ ಫ್ರೆಂಡ್ ಹೇಳಿದಳು. ಮಾಡಲಾ?

ಹರಿಹರದ ಹುಡುಗಿ · ಮಂಗಳವಾರ ರಾತ್ರಿ 8:40

ಬೇಡ ತಂಗಿ. ಯಾವ ಸ್ನಾಯು ಅಂತ ಗೊತ್ತಾಗಲು ಒಂದೇ ಒಂದು ಸಲ ತಡೆದು ನೋಡುವುದು ಬೇರೆ. ಅದನ್ನೇ ದಿನಾ ವ್ಯಾಯಾಮ ಮಾಡಿಕೊಂಡರೆ ಮೂತ್ರ ಪೂರ್ತಿ ಖಾಲಿಯಾಗದೆ ಉಳಿಯುವ ಅಭ್ಯಾಸ ಬೀಳಬಹುದು.

ನೀರು ಕುಡಿ. ಹಾಲೂಡಿಸುವವಳಿಗೆ ಬಾಯಾರಿಕೆ ಜಾಸ್ತಿ ಇರುವುದೇ. ಅಮ್ಮನಿಗೆ ಎದುರು ಮಾತಾಡೋಕೆ ಆಗದಿದ್ದರೆ ಬಿಸಿನೀರಿಗೆ ಜೀರಿಗೆ ಹಾಕಿಸಿಕೋ, ಔಷಧಿ ಅಂದರೆ ಬೇಡ ಅನ್ನಲ್ಲ. ಮುಕ್ಕುವುದು ತಪ್ಪಿದರೆ ಅರ್ಧ ಕೆಲಸ ಆದ ಹಾಗೆ. ಪಾಯಿಖಾನೆಯಲ್ಲಿ ಕಮೋಡ್ ಇದ್ದರೆ ಕಾಲ ಕೆಳಗೆ ಒಂದು ಸಣ್ಣ ಮಣೆ ಇಟ್ಟುಕೋ. ಹೊಟ್ಟೆ ಕಟ್ಟುವುದು ಬೆನ್ನಿಗೆ ಹಿತ ಅನ್ನಿಸಿದರೆ ಇರಲಿ, ಆದರೆ ಉಸಿರು ಸಿಗದಷ್ಟು ಬಿಗಿ ಬೇಡ, ಒತ್ತಡ ಕೆಳಕ್ಕೇ ಹೋಗುತ್ತದೆ. ಮಗು ಎತ್ತುವ ಮೊದಲು ಬಿಗಿ ಹಿಡಿ, ಉಸಿರು ಬಿಡುತ್ತಾ ಎತ್ತು. ಹೊಲಿಗೆ ನೋವು ಇನ್ನೂ ಇದ್ದರೆ ಹೆರಿಗೆ ಮಾಡಿಸಿದ ಡಾಕ್ಟರಿಗೆ ಒಂದು ಸಲ ತೋರಿಸು.

ಎಲ್ಲರಿಗೂ ಒಂದು ಮಾತು. ಮೂತ್ರದಲ್ಲಿ ರಕ್ತ, ಜ್ವರದ ಜೊತೆ ಉರಿ, ಮೂತ್ರ ಕಟ್ಟಿಕೊಳ್ಳುವುದು, ಹೊತ್ತಿಲ್ಲದೆ ಹಗಲೂ ರಾತ್ರಿ ಹನಿಯುತ್ತಲೇ ಇರುವುದು, ಕೆಳಗೆ ಗಂಟು ಜಾರಿ ಬಂದ ಹಾಗೆ ಅನ್ನಿಸುವುದು, ಇವಿದ್ದರೆ ವಿಡಿಯೋ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ. ಬೆನ್ನುನೋವಿನ ಜೊತೆ ತೊಡೆಸಂದು ಮರಗಟ್ಟಿ, ಕಾಲು ಬಲ ಕಳೆದುಕೊಂಡು, ಮೂತ್ರದ ಹತೋಟಿ ತಪ್ಪಿದರೆ ಅವತ್ತೇ ಹೋಗಬೇಕು, ನಾಳೆ ಅನ್ನಬಾರದು.

ಹೊಳಲ್ಕೆರೆ ಮೇಷ್ಟ್ರು · ಬುಧವಾರ ಬೆಳಿಗ್ಗೆ 10:00

ಹೆಂಗಸರ ಚರ್ಚೆಯಲ್ಲಿ ಗಂಡಸು ಬಾಯಿ ಹಾಕಬಹುದೋ ಇಲ್ಲವೋ. ನಾನು ನಿವೃತ್ತ ಶಿಕ್ಷಕ, 71. ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕಿ ಗ್ರಂಥಿಯನ್ನೇ ತೆಗೆದರು. ಜೀವ ಉಳಿಯಿತು. ಕ್ಯಾಥೆಟರ್ (ಮೂತ್ರ ಹೋಗಲು ಹಾಕಿದ್ದ ನಳಿಕೆ) ತೆಗೆದ ದಿನ ಎದ್ದು ನಿಂತರೆ ನಲ್ಲಿ ಬಿಟ್ಟ ಹಾಗೆ ಹೋಯಿತು. ಮಗನ ಎದುರಿಗೆ. ಆ ದಿನ ಕ್ಯಾನ್ಸರ್ ಅಂದಾಗಲೂ ಅಷ್ಟು ಕುಗ್ಗಿರಲಿಲ್ಲ.

ಆಸ್ಪತ್ರೆಯವರೇ ವಿಡಿಯೋದಲ್ಲಿ ವಾರಕ್ಕೊಮ್ಮೆ ವ್ಯಾಯಾಮ ಹೇಳಿಕೊಟ್ಟರು. ಗಂಡಸರಿಗೆ ಹೇಳುವ ಮಾತು ಬೇರೆ. ಗಾಳಿ ತಡೆಯುವುದಕ್ಕಿಂತ ಮುಂದೆ ಗಮನ ಕೊಡಿ, ಅಂಗವನ್ನು ಒಳಕ್ಕೆ ಎಳೆದುಕೊಂಡ ಹಾಗೆ, ತಣ್ಣೀರಿಗೆ ಇಳಿದಾಗ ಆಗುತ್ತದಲ್ಲ ಹಾಗೆ ಅಂದರು. ಸೂಳೆಕೆರೆಯಲ್ಲಿ ಈಜಿದವನಿಗೆ ಇದಕ್ಕಿಂತ ವಿವರ ಬೇಕೇ? ತಕ್ಷಣ ತಿಳಿಯಿತು. ಕುರ್ಚಿಯಿಂದ ಏಳುವ ಮೊದಲು ಬಿಗಿ ಹಿಡಿದು ಏಳುವುದನ್ನು ರೂಢಿ ಮಾಡಿಸಿದರು. ಮೂರನೇ ತಿಂಗಳಿಗೆ ದಿನಕ್ಕೆ ಐದು ಪ್ಯಾಡ್ ಹೋಗುತ್ತಿದ್ದದ್ದು ಎರಡಕ್ಕೆ ಬಂತು, ಎಂಟನೇ ತಿಂಗಳಿಗೆ ಸಂಜೆ ಹೊತ್ತು ಮಾತ್ರ ಒಂದು. ಸಂಜೆಗೆ ಸ್ನಾಯು ದಣಿಯುತ್ತದೆ.

ವಿಡಿಯೋದ ದೋಷವೂ ಹೇಳಬೇಕು. ನಮ್ಮಲ್ಲಿ ಮೋಡ ಕವಿದರೆ ನೆಟ್‌ವರ್ಕ್ ಹೋಗುತ್ತದೆ. "ಹಿಡಿಯಿರಿ" ಅಂದದ್ದು ಕೇಳಿತು, "ಬಿಡಿ" ಅಂದದ್ದು ಕೇಳಲಿಲ್ಲ. ನಾನು ಹಿಡಿದುಕೊಂಡೇ ಕೂತೆ.

ಮಿರ್ಚಿ ಮಂಡಕ್ಕಿ · ಬುಧವಾರ ಬೆಳಿಗ್ಗೆ 10:20

ಮೇಷ್ಟ್ರೇ, ನಿಮಗೊಂದು ನಮಸ್ಕಾರ.

ದುರ್ಗದ ಸೊಸೆ · ಬುಧವಾರ ಮಧ್ಯಾಹ್ನ 12:40

ಟೀಚರ್ ಅಕ್ಕ, ಒಟ್ಟು ಎಷ್ಟು ಖರ್ಚಾಯಿತು? ಡಾಕ್ಟರು ಅಂದರೆ ಇಲ್ಲಿಂದ ದುರ್ಗಕ್ಕೆ ಹೋಗುವುದೇ ಒಂದು ದಿನದ ಕೆಲಸ.

ನಿಟುವಳ್ಳಿ ಟೀಚರ್ · ಬುಧವಾರ ಸಂಜೆ 7:15

ಒಂದು ಸಲಕ್ಕೆ 600 ರೂಪಾಯಿ. ಮೊದಲ ತಿಂಗಳು ವಾರಕ್ಕೊಂದು, ಆಮೇಲೆ ಹದಿನೈದು ದಿನಕ್ಕೊಂದು, ಒಟ್ಟು ಎಂಟು ಆಯಿತು. ನಾಲ್ಕು ವರ್ಷದಲ್ಲಿ ಪ್ಯಾಡ್‌ಗೆ ಹಾಕಿದ್ದನ್ನು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ, ಗಣಿತದವಳಾದರೂ.

ಡಾಕ್ಟರ್ ಮಾತಿಗೆ ಮಾತ್ರ ಆದರೆ ಸರ್ಕಾರದ ಇ-ಸಂಜೀವಿನಿಯಲ್ಲಿ ವಿಡಿಯೋದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು. ಪರೀಕ್ಷೆ ಚೀಟಿ ಬರೆಸಿಕೊಂಡು ಹತ್ತಿರದ ಲ್ಯಾಬಲ್ಲಿ ಮಾಡಿಸಿ. ಫಿಸಿಯೋ ಹುಡುಕುವಾಗ ಓದು ಏನು, ಈ ತೊಂದರೆಯನ್ನು ಮೊದಲು ನೋಡಿದ್ದಾರಾ ಅಂತ ಬಾಯಿ ಬಿಟ್ಟು ಕೇಳಿ. ಒಬ್ಬರು ನನಗೆ ಮೊದಲ ಕಾಲ್‌ನಲ್ಲೇ ಬೆಲ್ಟು, ಪುಡಿ ಎಲ್ಲ ಮಾರಲು ಬಂದರು. ಅಲ್ಲಿಗೇ ನಮಸ್ಕಾರ ಹಾಕಿದೆ.

ಪೂರ್ತಿ ಹೋಗಿಲ್ಲ ಅಂದೆನಲ್ಲ. ಚೀಲ ತುಂಬಿದ್ದಾಗ ಮೇಲಿಂದ ಮೇಲೆ ಮೂರು ಸೀನು ಬಂದರೆ ಮೂರನೆಯದಕ್ಕೆ ಈಗಲೂ ಸೋಲುತ್ತೇನೆ. ಐದನೇ ವಾರದವರೆಗೆ ಏನೂ ಫರಕು ಕಾಣಲಿಲ್ಲ, ಬಿಟ್ಟುಬಿಡೋಣ ಅನ್ನಿಸಿತ್ತು. ಆಗ ಫಿಸಿಯೋ "ಬ್ರಿಟನ್ನಿನ ಮಾರ್ಗಸೂಚಿಯಲ್ಲೇ ಕನಿಷ್ಠ ಮೂರು ತಿಂಗಳು ಅಂತಿದೆ, ಮೂರು ತಿಂಗಳಿಗೆ ಮೊದಲು ತೀರ್ಪು ಕೊಡಬೇಡಿ" ಅಂದರು. ದಿನಾ ನೆನಪು ಉಳಿಸಿದ್ದು ಅಲಾರಂ ಅಲ್ಲ. ಹಾಲು ಕಾಯಿಸುವಾಗ ಒಂದು ಸುತ್ತು, ಹಾಜರಿ ಕರೆಯುವಾಗ ಒಂದು ಸುತ್ತು, ಸೀರಿಯಲ್ ಜಾಹೀರಾತಿಗೆ ಒಂದು ಸುತ್ತು. ಹಾಜರಿ ಪುಸ್ತಕದಲ್ಲಿ 42 ಹೆಸರು. ಈಗ ಒಂಬತ್ತನೇ ಕ್ಲಾಸಿನವರಿಗೆ ನಾನು ಯಾಕೆ ಅಷ್ಟು ನಿಧಾನ ಹಾಜರಿ ಕರೆಯುತ್ತೇನೆ ಅಂತ ಗೊತ್ತಿಲ್ಲ.

ಹರಿಹರದ ಹುಡುಗಿ · ಬುಧವಾರ ರಾತ್ರಿ 9:50

ಅಕ್ಕ, ನಿಮ್ಮ ಹಾಜರಿ ಪದ್ಧತಿಯನ್ನು ನನ್ನ ಪೇಷಂಟುಗಳಿಗೆ ಹೇಳುತ್ತೇನೆ.

ಮಿರ್ಚಿಯವರು ಯೂಟ್ಯೂಬ್ ಬಗ್ಗೆ ಕೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ನನ್ನ ಅಂಗಡಿ ಮಾತ್ರ ಹೊಗಳಿದ ಹಾಗಾಗುತ್ತದೆ. ಫೋನ್ ನೋಡಿಕೊಂಡೇ ಕಲಿತವರಿಗೂ ಗುಣ ಕಂಡಿದೆ. ಸ್ವೀಡನ್ನಿನಲ್ಲಿ ಒಂದು ಆಪ್ ಮಾಡಿ 123 ಹೆಂಗಸರ ಮೇಲೆ ಮೂರು ತಿಂಗಳು ಪರೀಕ್ಷಿಸಿದರು, 2017ರಲ್ಲಿ ಪ್ರಕಟವಾಯಿತು. ಆಪ್ ಸಿಕ್ಕವರಿಗೆ ಸಿಗದವರಿಗಿಂತ ಸೋರುವುದು ಚೆನ್ನಾಗಿ ಕಡಿಮೆಯಾಯಿತು. ಆದರೆ ಅದರಲ್ಲಿ ಹಂತ ಹಂತದ ಪಾಠ, ನೆನಪಿನ ಗಂಟೆ, ಲೆಕ್ಕ ಎಲ್ಲ ಇತ್ತು. ಸುಮ್ನೆ ಒಂದು ವಿಡಿಯೋ ನೋಡಿ ಬಿಟ್ಟ ಹಾಗಲ್ಲ. ಕೆನಡಾದಲ್ಲಿ 60 ದಾಟಿದ 362 ಹೆಂಗಸರನ್ನು ಎರಡು ಭಾಗ ಮಾಡಿ, ಕೆಲವರಿಗೆ ಒಬ್ಬೊಬ್ಬರಾಗಿ, ಉಳಿದವರಿಗೆ ಗುಂಪಿನಲ್ಲಿ 12 ವಾರ ಕಲಿಸಿದರು. ಒಂದು ವರ್ಷ ಬಿಟ್ಟು ನೋಡಿದರೆ ಗುಂಪಿನವರು ಹಿಂದೆ ಬಿದ್ದಿರಲಿಲ್ಲ. ಅಲ್ಲೂ ಶುರುವಿನಲ್ಲಿ ಪ್ರತಿಯೊಬ್ಬರಿಗೂ ಸ್ನಾಯು ಸರಿಯಾಗಿ ಹಿಡಿಯುವುದನ್ನು ಬೇರೆಯಾಗಿ ಕಲಿಸಿದ್ದರು. ಅಂದರೆ ಮೊದಲ ಪಾಠ ಒಂಟಿಯಾಗಿ, ಆಮೇಲಿನದು ಜೊತೆಯಲ್ಲಿ ಆದರೂ ನಡೆಯುತ್ತದೆ.

ವ್ಯಾಯಾಮದಿಂದ ಆಗದಿದ್ದವರಿಗೆ ಮಾತ್ರೆ, ಆಪರೇಷನ್ ದಾರಿಗಳೂ ಇವೆ. ಅದು ಸೋಲಲ್ಲ.

ಮಿರ್ಚಿ ಮಂಡಕ್ಕಿ · ಶುಕ್ರವಾರ ರಾತ್ರಿ 11:10

ಅಮ್ಮನ ಹತ್ತಿರ ಮಾತು ಎತ್ತಿದೆ. ಮೊದಲು "ನಿನಗ್ಯಾಕೆ ಅದೆಲ್ಲ" ಅಂದರು. ಟೀಚರ್ ಬರೆದದ್ದನ್ನು ಫೋನಲ್ಲಿ ಓದಿ ಹೇಳಿದೆ. ಕೆಳಕ್ಕೆ ಮುಕ್ಕುವ ಜಾಗ ಬಂದಾಗ ನಕ್ಕರು. ನಕ್ಕು ಎದ್ದು ಒಳಗೆ ಹೋದರು. ಸೀರೆ ಬದಲಾಯಿಸಿ ಬಂದು "ಆಮೇಲೆ ಓದು" ಅಂದರು.

ದುರ್ಗದ ಸೊಸೆ · ಎರಡು ವಾರದ ನಂತರ, ಮಂಗಳವಾರ ಸಂಜೆ 6:30

ಅಪ್‌ಡೇಟ್. ಅತ್ತೆಗೆ ಸಕ್ಕರೆ ಇಲ್ಲ, ಸೋಂಕೂ ಇಲ್ಲ. ಚಹಾ ದಿನಕ್ಕೆ ಏಳು ಲೋಟ ಇತ್ತು, ಲೆಕ್ಕ ಬರೆದಾಗ ಅವರೇ ಬೆಚ್ಚಿಬಿದ್ದರು. ಈಗ ಮೂರು, ಸಂಜೆ ಆರರ ಮೇಲೆ ಇಲ್ಲ.

ಇವತ್ತು ಮೊದಲ ವಿಡಿಯೋ. ಕ್ಯಾಮೆರಾ ಆನ್ ಆದ ಕೂಡಲೇ ಅತ್ತೆ ತಲೆ ಮೇಲೆ ಸೆರಗು ಹೊದ್ದರು. ಫಿಸಿಯೋ ಮಾತಾಡುವ ಮೊದಲೇ "ಊಟ ಆಯ್ತೇನಮ್ಮ?" ಅಂದರು. ಟವಲ್ ಸುರುಳಿ ಮೇಲೆ ಕೂತು ಎಂಟು ಸಲ ಮಾಡಿದರು. ಮೂರನೇ ಸಲಕ್ಕೇ ಸರಿ ಬಂತಂತೆ. ಮುಗಿದ ಮೇಲೆ ನನ್ನ ಕಡೆ ತಿರುಗಿ "ಇದು ಇಷ್ಟೇನಾ? ನಲವತ್ತು ವರ್ಷದ ಹಿಂದೆ ಯಾರಾದ್ರೂ ಹೇಳಿದ್ದರೆ" ಅಂದು ಸುಮ್ಮನಾದರು.

ಈಗ ಸಮಸ್ಯೆ ಬೇರೆ. ಕಟ್ಟೆ ಮೇಲೆ ಕೂತು ಇವರು ಎಲ್ಲರಿಗೂ ಹೇಳಿಬಿಟ್ಟಿದ್ದಾರೆ. ಮುಂದಿನ ಮಂಗಳವಾರ ಪಕ್ಕದ ಮನೆಯ ಇಬ್ಬರು ಅಜ್ಜಿಯರೂ ಬರುತ್ತಾರಂತೆ, ಅವರವರ ಟವಲ್ ತಗೊಂಡು. ಒಬ್ಬೊಬ್ಬರಿಗೂ ಮೊದಲು ಬೇರೆ ಕಾಲ್ ಮಾಡಬೇಕು ಅಂತ ಫಿಸಿಯೋ ಹೇಳಿದ್ದಾರೆ, ಅದು ಆಗುತ್ತೆ. ಆಮೇಲೆ ಜೊತೆಗೆ ಮಾಡುವಾಗ ಫೋನ್ ಪರದೆ ಸಣ್ಣದಾಗುತ್ತೆ. ಟಿವಿಗೆ ಹಾಕೋದು ಹೇಗೆ, ಯಾರಾದರೂ ಹೇಳಿ.

ಕಂಡಕ್ಟರ್ ಅಕ್ಕ · ಮಂಗಳವಾರ ರಾತ್ರಿ 9:20

ಫೋನ್ ಸೆಟ್ಟಿಂಗಲ್ಲಿ ಸ್ಕ್ರೀನ್ ಕಾಸ್ಟ್ ಅಂತ ಇರುತ್ತೆ, ಸ್ಮಾರ್ಟ್ ಟಿವಿ ಆದರೆ ಬರುತ್ತೆ. ಮೊದಲು ನಿಮ್ಮ ಮಾವನವರನ್ನು ಹೊರಗೆ ಕಳಿಸಿ. ಕಾಲು ಗಂಟೆಗೊಂದು ಬಸ್ಸಿದೆ.